ಅರ್ಧ ಹೊಂಡದ ಹೂಳು

ಕೆಲವರ ಆಯುಷ್ಯ ಹಾಡುಹಸೆಯಲ್ಲಿ ಕಳೆಯುತ್ತದೆ, ಕೆಲವರದು ಪೂಜೆ ಪುನಸ್ಕಾರದಲ್ಲಿ. ನನ್ನದು ಕೆಸರಿನಲ್ಲಿ ಕಳೆಯಿತು. ಸಂಸಾರವನ್ನೇ ಕೆಸರೆನ್ನುವ ವೈರಾಗ್ಯದ ಮಾತು ಇದೆಂದು ತಿಳಿದು ಯಾರೂ ಕೈಮುಗಿಯಬೇಡಿ. ನಾನು ಹೇಳುತ್ತಿರುವುದು ಮೊಣಕಾಲಿನ ತನಕ ಏರುವ, ಕೊಳೆತ ಎಲೆಯ ನಾತ ಹೊಡೆಯುವ, ಎಷ್ಟು ತಿಕ್ಕಿದರೂ ಉಗುರಿನ ಸಂದಿ ಬಿಡದ ಖರೇ ಕೆಸರು. ಶಿರಸಿಯಂಥ ಪೇಟೆಯಲ್ಲಿ, ಕಿರಾಣಿ ಅಂಗಡಿ ಇಟ್ಟುಕೊಂಡು ನಾಲ್ಕು ಜನರೆದುರು ಮಾನದಿಂದ ಬಾಳುವ ಮನೆಯ ಹಿರೇ ಸೊಸೆಗೆ ಕೆಸರೆಲ್ಲಿಂದ ಬಂತು ಎಂದು ಕೇಳುತ್ತೀರಿ. ನಮ್ಮ ಹಿತ್ತಿಲಲ್ಲಿ ಒಂದು ಹೊಂಡವಿತ್ತು. ಅಲ್ಲಿಂದ ಬಂತು.

ಅದು ಯಾರೂ ತೋಡಿಸಿದ ಹೊಂಡವಲ್ಲ. ಹಿತ್ತಿಲಿನ ಇಳಿಜಾರು ಮುಗಿಯುವಲ್ಲಿ, ಕಲ್ಲಿನ ಸಂದಿಯಿಂದ ಒರತೆ ಜಿನುಗಿ ತಾನಾಗಿ ನಿಂತ ನೀರು. ಎರಡು ಗಾಡಿಗಳನ್ನು ಜೋಡಿಸಿ ನಿಲ್ಲಿಸಿದರೆ ಮುಚ್ಚಿಹೋಗುವಷ್ಟು ಜಾಗ. ದಂಡೆಯಲ್ಲಿ ಕೆಸವು, ಒಂದೆಲಗ; ನೀರಿನಲ್ಲಿ ನಾಲ್ಕು ನೈದಿಲೆ; ಮೇಲೆ ಬಾಗಿ ನಿಂತ ಒಂದು ನೇರಳೆ ಮರ. ಮನೆಗೆ ಬಂದ ನೆಂಟರೆಲ್ಲ ಹಿತ್ತಿಲ ಬಾಗಿಲಲ್ಲಿ ನಿಂತು, "ಏನ್ ಪುಣ್ಯಾ ಮಾಡೀಯವಾ! ಕದಾ ತಗದ್ರ ಕೊಳಾ!" ಎಂದು ನನ್ನ ಮುಖ ನೋಡುತ್ತಿದ್ದರು. ಕೈಯಲ್ಲಿದ್ದ ಚಹಾ ಮುಗಿಯುವವರೆಗೆ ಅವರಿಗೆ ಆ ಕೊಳದ ಮೇಲೆ ಬಹಳ ಪ್ರೀತಿ. ಚಹಾ ಮುಗಿದ ಮೇಲೆ ಒಬ್ಬರಾದರೂ ಸೆರಗು ಕಟ್ಟಿ, "ಕೊಡು ಇಲ್ಲೆ, ಒಂದೀಟು ಪಾಚಿ ತೆಗೀತೀನಿ" ಎಂದದ್ದು ನಾನು ಕೇಳಿಲ್ಲ.

ತಾನಾಗಿ ಹುಟ್ಟಿದ ನೀರು ತಾನಾಗಿ ಶುದ್ಧವಾಗಿರುತ್ತದೆ ಎಂದು ಗಂಡಸರು ನಂಬಿದ್ದಾರೆ. ತಾನಾಗಿ ಹುಟ್ಟಿದ ಮಕ್ಕಳು ತಾವಾಗಿಯೇ ಸ್ನಾನ ಮಾಡಿಕೊಳ್ಳುತ್ತವೆ ಎಂದು ನಂಬಿದವರೂ ಅವರೇ. ನಿಜಸಂಗತಿ ಏನೆಂದರೆ ಹೊಂಡಕ್ಕೆ ವರ್ಷವಿಡೀ ಚಾಕರಿ ಬೇಕು. ದೀಪಾವಳಿಗೆ ಮುಂಚೆ, ಮಳೆಗಾಲದಲ್ಲಿ ಸೊಕ್ಕಿ ಬೆಳೆದ ಹುಲ್ಲು ಮತ್ತು ಕೆಸವನ್ನು ಕೊಯ್ಯಬೇಕು. ಚಳಿಗಾಲದಲ್ಲಿ ನೇರಳೆಯ ಎಲೆ ಉದುರುತ್ತದೆ. ಅದನ್ನು ದಿನವೂ ಬಾಚದಿದ್ದರೆ ತಳಕ್ಕೆ ಹೋಗಿ ಕೊಳೆಯುತ್ತದೆ. ಬಿಸಿಲು ಏರುತ್ತಿದ್ದಂತೆ ಪಾಚಿ. ಹೋಳಿಹುಣ್ಣಿಮೆ ಕಳೆದು ನೀರು ತಳ ಕಂಡಾಗ ಮಹಾಪರ್ವ: ಇದ್ದ ನೀರನ್ನೆಲ್ಲ ಚಿಮಣಿ ಎಣ್ಣೆಯ ಡಬ್ಬಿಯಿಂದ ಎತ್ತಿ ಚೆಲ್ಲಿ, ಮೀನು ಕಪ್ಪೆಗಳನ್ನು ಹಿಡಿದು ಬಚ್ಚಲಿನ ಹಂಡೆಗೆ ಬಿಟ್ಟು, ಅಡಿಕೆಯ ಹಾಳೆಯಿಂದ ಹೂಳನ್ನು ಬಾಚಿ ಬುಟ್ಟಿಗೆ ತುಂಬಿ ಹೊರಗೆ ಹಾಕಬೇಕು. ಗುದ್ದಲಿ ಹಾಕಿದರೆ ಒರತೆಯ ಕಣ್ಣು ಕೆಡುತ್ತದೆ ಎಂದು ಹಾಳೆಯೇ ಆಗಬೇಕು. ಕೊನೆಗೆ, ಮುಂಗಾರಿನ ಮಿರ್ಗದ ಮಳೆ ಹಿಡಿಯುವ ಮೊದಲು ನೀರು ಹೊರಗೆ ಹರಿಯುವ ಕಾಲುವೆ ಬಿಡಿಸಬೇಕು, ಇಲ್ಲದಿದ್ದರೆ ಹೊಂಡ ಉಕ್ಕಿ ದನದ ಕೊಟ್ಟಿಗೆಗೆ ಬರುತ್ತದೆ. ನಾನು ಯಲ್ಲಾಪುರದಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ನನ್ನ ಕೈಗೆ ಬೀಗದ ಕೈ ಕೊಡಲಿಲ್ಲ, ಹಾಳೆ ಕೊಟ್ಟರು. ಯಲ್ಲಾಪುರದ ಶಾಲೆಯಲ್ಲಿ ಬಾಲಬೋಧೆ ಎಂಬ ಮೊದಲ ಪುಸ್ತಕ ಮುಗಿಸಿ ಅದರ ಮೇಲೆ ಇನ್ನೆರಡು ಪುಸ್ತಕ ಓದಿದ್ದೆ ಎಂಬ ನನ್ನ ಜಂಬವೆಲ್ಲ ಆ ಹೋಳಿಯ ವಾರದಲ್ಲೇ ತಳ ಸೇರಿತು.

ಆಮೇಲೆ ಮೈದುನನಿಗೆ ಬನವಾಸಿಯಿಂದ ಹೆಣ್ಣು ತಂದರು. ಹೆಸರು ನೀಲವ್ವ, ನನಗೆ ನೀಲಿ. ಹೊಲದ ಮನೆಯ ಹುಡುಗಿ, ಕೆಸರಿಗೆ ಹೇಸುವವಳಲ್ಲ. ಮೊದಲ ವರ್ಷವೇ ಸೀರೆ ಮೇಲಕ್ಕೆ ಸಿಕ್ಕಿಸಿ ಹೊಂಡಕ್ಕೆ ಇಳಿದವಳು ಕಾಲು ಜಾರಿ ಕುಂಡೆ ಊರಿ ಕೂತು, ಅಳುತ್ತಾಳೆ ಎಂದು ನಾನು ಓಡಿದರೆ, ಕೇಕೆ ಹಾಕಿ ನಗುತ್ತಿದ್ದಾಳೆ. "ಯಕ್ಕಾ, ಭಾಳ ತಂಪೈತಿ, ನೀನೂ ಕುಂದ್ರು ಬಾ!" ಎಂದು ನನ್ನನ್ನೂ ಎಳೆದಳು. ಆ ದಿನ ನಾವಿಬ್ಬರೂ ಮನೆಯೊಳಗೆ ಬಂದ ಅವತಾರ ನೋಡಿ ಅತ್ತೆ ಕೈಯಲ್ಲಿದ್ದ ಜೋಳದ ಮೊರವನ್ನೇ ಕೆಳಗೆ ಹಾಕಿದರು.

ಇಷ್ಟು ಹೇಳಿದ್ದು ಏಕೆಂದರೆ, ನಮ್ಮಂಥ ವ್ಯಾಪಾರಸ್ಥರ ಮನೆಯ ಹೆಂಗಸು ಬೀದಿಗೆ ಇಳಿಯುವುದು ಮದುವೆಗೆ, ತವರಿಗೆ. ಅದೂ ಗಂಡನ ಬೆನ್ನ ಹಿಂದೆ. ಅಡಿಗೆಮನೆಯಲ್ಲಿ ಅತ್ತೆಯ ಕಿವಿ, ಪಡಸಾಲೆಯಲ್ಲಿ ಮಾವನ ಕಿವಿ. ಗಂಡಸರ ಕಾಲು ಸೋಕದ ಜಾಗ ಎಂದರೆ ಆ ಹೊಂಡ ಒಂದೇ. ಹೂಳೆತ್ತುವ ವಾರದಲ್ಲಿ ನಾನೂ ನೀಲಿಯೂ ಆಡದ ಮಾತಿಲ್ಲ, ಬಯ್ಯದ ಮಂದಿಯಿಲ್ಲ. ನನಗೆ ಎರಡನೆಯ ಕೂಸು ಉಳಿಯದೆ ಹೋದಾಗ ಮನೆಯಲ್ಲಿ ಅತ್ತರೆ ಅಪಶಕುನ ಎಂದರು. ನಾನು ಹೊಂಡದಲ್ಲಿ ನಿಂತು ಅತ್ತುಬಿಟ್ಟೆ. ನೀಲಿ ನನ್ನ ಪಾಲಿನ ಹೂಳನ್ನೂ ತಾನೇ ಎತ್ತಿದಳು. ಮೇಲೆ ಬಂದು "ಈ ದರಿದ್ರ ಹೊಂಡ ಎಂದು ತೊಲಗುತ್ತದೋ" ಎಂದು ಶಪಿಸುವುದು ಇಬ್ಬರಿಗೂ ರೂಢಿ. ಬಾಯಿಗೆ ರೂಢಿಯಾದದ್ದನ್ನು ಮನೆಯ ಗಂಡಸರು ಕೇಳಿಸಿಕೊಳ್ಳುತ್ತಾರೆ ಎಂದು ನಮಗೆ ಹೊಳೆದಿರಲಿಲ್ಲ.

ಅತ್ತೆ ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಯಾತಕ್ಕೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಅಂಗಡಿಯಲ್ಲಿ ಮಾವ ಕೂಡುತ್ತಿದ್ದ ಗಾದಿಯ ಮೇಲೆ ಯಾರು ಕೂಡಬೇಕು ಎಂಬುದಕ್ಕೆ. ಗಾದಿ ಹಳೆಯದು, ಒಳಗೆ ಅರಳೆ ಗಂಟುಗಂಟಾಗಿ ಕೂತವರಿಗೆ ಒತ್ತುತ್ತಿತ್ತು. ಮಾವ ಜೀವಮಾನವಿಡೀ ಅದನ್ನು ಬಯ್ದವರು. ಸಿದ್ದಾಪುರದ ಕಡೆ ರೈತರು ಸರಕಾರಕ್ಕೆ ಕರ ಕೊಡೆವು ಎಂದು ಮನೆಮಠ ಕಳಕೊಂಡು ಜೇಲಿಗೆ ಹೋಗುತ್ತಿದ್ದ ದಿನಗಳವು. ನಮ್ಮವರೂ ಮೈದುನನೂ ಬೇರೆ ಬೇರೆ ಬಾಗಿಲಿನಿಂದ ಹೊರಟು, ಒಂದೇ ಸಭೆಯಲ್ಲಿ ಕೂತು, ದೇಶವೆಲ್ಲ ಒಂದಾಗಬೇಕು ಎಂಬ ಭಾಷಣಕ್ಕೆ ಚಪ್ಪಾಳೆ ತಟ್ಟಿ, ಖಾದಿ ಟೋಪಿ ಹಾಕಿಕೊಂಡು ಮನೆಗೆ ಬಂದು ನಡುಮನೆಗೆ ಗೋಡೆ ಹಾಕಿಸಿದರು. ಒಂದೊಂದು ಮನೆಗೆ ಒಂದೊಂದು ಬಾವಿಯನ್ನೂ ತೋಡಿಸಿದರು. ಮಣ್ಣಿನ ಗೋಡೆ ನಡುಮನೆ ದಾಟಿ, ಕೊಟ್ಟಿಗೆ ದಾಟಿ, ಹಿತ್ತಿಲಿಗೆ ಇಳಿದು, ಹೊಂಡದ ದಂಡೆಗೆ ಬಂದು ನಿಂತಿತು. ನೀರಿನ ಮೇಲೆ ಗೋಡೆ ಏರಿಸುವ ವಿದ್ಯೆ ಶಿರಸಿಯ ಗೌಂಡಿಗಳಿಗೆ ಬರುತ್ತಿರಲಿಲ್ಲ. ಹೊಂಡದ ನಡುವೆ ಒಂದು ಬಿದಿರು ನೆಟ್ಟು, ಈ ದಂಡೆಯಿಂದ ಆ ದಂಡೆಗೆ ಹಗ್ಗ ಕಟ್ಟಿದರು. ಒರತೆಯ ಕಣ್ಣು ಸರಿಯಾಗಿ ಹಗ್ಗದ ಕೆಳಗೆ ಬಂತು.

ಜೊತೆಗೆ ಒಂದು ಕಾಯಿದೆಯೂ ಹೊರಟಿತು. ನಮ್ಮವರು ಊಟಕ್ಕೆ ಕೂತವರು ತುತ್ತು ಕೈಯಲ್ಲಿ ಹಿಡಿದು, "ಆ ಮನೀ ಮಂದಿ ಕೂಡ ಒಂದ ಮಾತು ಆಡಿದ್ಯೋ, ನಿನ್ನ ಯಲ್ಲಾಪುರದ ಹಾದಿ ನಿನಗ" ಎಂದರು. ಗೋಡೆಯ ಆ ಕಡೆಯೂ ಅದೇ ಕಾಯಿದೆ, ಊರಿನ ಹೆಸರು ಮಾತ್ರ ಬೇರೆ ಎಂದು ಆಮೇಲೆ ಗೊತ್ತಾಯಿತು.

ಹೋಳಿ ಬಂತು. ನಾನು ಹಾಳೆ ಬುಟ್ಟಿ ಹಿಡಿದು ಹೊರಟೆ. "ನಮ್ಮ ಅರ್ಧಾ ಅಷ್ಟ ತೆಗಿ. ಹಗ್ಗಾ ದಾಟಿ ಒಂದ ಹಾಳಿ ಹೂಳು ತೆಗದ್ರೂ ಅವರ ಚಾಕರಿ ಮಾಡಿದಂಗ" ಎಂದು ಅಪ್ಪಣೆಯಾಯಿತು. ಅರ್ಧ ಹೊಂಡದ ಹೂಳು ತೆಗೆಯುವುದು ಹೇಗೆ ಎಂದು ನಿಮಗೇನಾದರೂ ತಿಳಿದಿದ್ದರೆ ನನಗೆ ಹೇಳಿ. ನಾನು ದಿನವಿಡೀ ಬೆನ್ನು ಬಗ್ಗಿಸಿ ನಮ್ಮ ಕಡೆಯ ಹೂಳನ್ನೆಲ್ಲ ಎತ್ತಿದೆ, ತಳದ ಕಲ್ಲು ಕಂಡಿತು. ಮರುದಿನ ಬೆಳಿಗ್ಗೆ ನೋಡಿದರೆ ಆ ಕಡೆಯ ಹೂಳು ಹಗ್ಗದ ಕೆಳಗಿನಿಂದ ಮೆಲ್ಲಗೆ ಜಾರಿ ಬಂದು ನಮ್ಮ ಕಡೆ ಹಾಸಿಕೊಂಡು ಮಲಗಿದೆ. ನಮ್ಮವರು ಸಿಟ್ಟಿನಿಂದ ಕೆಂಪಾಗಿ, "ನೋಡಿದ್ಯಾ ಹಲ್ಕಟ್ ಬುದ್ಧಿ! ರಾತ್ರೋರಾತ್ರಿ ತಮ್ಮ ರಾಡಿ ನಮಗ ದೂಡ್ಯಾನ" ಎಂದರು. ಕೆಸರಿಗೆ ಪಾಲುಪತ್ರ ಓದಲು ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಹೇಳಿದರೆ ನನಗೆ ಓದಲು ಬರುವುದೇ ತಪ್ಪಾಗುತ್ತಿತ್ತು.

ಮೊದಲು ಯಾರು ತೊಳೆಯುತ್ತಾರೋ ಅವರಿಗೆ ಇನ್ನೊಬ್ಬರ ಕೆಸರು ಎಂಬುದು ಇಬ್ಬರು ಸಾವಕಾರರಿಗೂ ಆ ವರ್ಷ ತಿಳಿಯಿತು. ಮರುವರ್ಷದಿಂದ ಅವರು ತೊಳೆಯಲಿ ಎಂದು ಇವರು, ಇವರು ತೊಳೆಯಲಿ ಎಂದು ಅವರು. ಎದುರುಮನೆಯ ಭಟ್ಟರ ಅಮ್ಮ ಒಂದೆಲಗ ಕೇಳಲು ಬಂದವರು ಹಸಿರುಗಟ್ಟಿದ ನೀರನ್ನೂ ಹಗ್ಗವನ್ನೂ ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಅರ್ಧ ಹೊಂಡ ತೊಳೆಯದು ಅಂದ್ರೆ ಎಂತದೇ? ಅರ್ಧ ಮುಖ ತೊಳೆದಂಗಾತು! ಆನಂತೂ ಎಲ್ಲೂ ಕಂಡಿದ್ದಿಲ್ಲೆ" ಎಂದರು. ಒಂದೆಲಗ ಮಾತ್ರ ಎರಡೂ ಕಡೆಯಿಂದ ಕಿತ್ತುಕೊಂಡು ಹೋದರು.

ಆದರೂ ಹಗ್ಗದಿಂದ ಒಂದು ಉಪಕಾರವಾಗಿತ್ತು. ಗೋಡೆ ಮುಗಿದು ಹಗ್ಗ ಸುರುವಾದ ಜಾಗದಲ್ಲಿ ಮುಖ ಕಾಣುತ್ತಿತ್ತು. ಹೊಂಡದ ಎಲೆ ಬಾಚುವ ನೆವದಿಂದ ನಾನು ಈ ದಂಡೆಗೆ ಹೋದರೆ ನೀಲಿ ಆ ದಂಡೆಗೆ ಬರುತ್ತಿದ್ದಳು. ಮಾತಾಡಕೂಡದು, ಸರಿ. ನಾನು ನೀರಿನ ಅಂಚಿನಲ್ಲಿ ಕೂತ ಕಪ್ಪೆಯ ಕಡೆ ನೋಡಿ, "ಏ ಕಪ್ಪಿ, ನಿನ್ನೆ ಏನ್ ಗಲಾಟೆವಾ ನಿನ್ನ ಮನ್ಯಾಗ?" ಎನ್ನುತ್ತಿದ್ದೆ. ಆ ಕಡೆಯಿಂದ ನೀಲಿ ತನ್ನ ಕಪ್ಪೆಗೆ, "ಏನಿಲ್ಲ ಕಪ್ಪೆವ್ವಾ, ಪಲ್ಯಾಕ್ಕ ಉಪ್ಪು ಹೆಚ್ಚಾಗಿತ್ತು, ತಾಟು ತೂರಿದ್ರು" ಎನ್ನುತ್ತಿದ್ದಳು. ದೇವರ ಮುಂದೆ ಆಣೆ ಮಾಡಬೇಕಾಗಿ ಬಂದರೂ ನಾವು ಕಪ್ಪೆಯ ಹೊರತು ಯಾರ ಜೊತೆಗೂ ಮಾತಾಡಿದವರಲ್ಲ. ಒಮ್ಮೆ ನಮ್ಮವರು ಹಿಂದಿನಿಂದ ಬಂದು, "ಯಾರ ಕೂಡ ಮಾತು?" ಎಂದು ಗದರಿದಾಗ "ಕಪ್ಪಿ ಕೂಡ್ರಿ" ಎಂದೆ. ಕಪ್ಪೆ ಪುಣ್ಯಾತ್ಮ, ಅದೇ ಹೊತ್ತಿಗೆ ವಟಗುಟ್ಟಿತು. ಅವರು ನನ್ನ ತಲೆ ಕೆಟ್ಟಿದೆ ಎಂಬ ಸಮಾಧಾನದಿಂದ ಹೋದರು.

ಹೂಳು ಮೇಲೇರಿತು, ನೀರು ಕೊಳೆಯಿತು, ಸೊಳ್ಳೆ ಎದ್ದಿತು. ನಮ್ಮ ಕಡೆಯ ಚಳಿಜ್ವರ ನಿಮಗೆ ಗೊತ್ತೇ ಇದೆ, ಅದಕ್ಕೆ ಇಂಥ ಹೊಂಡವೆಂದರೆ ತವರುಮನೆ. ಮೊದಲು ಹಿಡಿದದ್ದು ನೀಲಿಯನ್ನು. ಮೂರು ದಿನ ದಂಡೆಗೆ ಬರಲಿಲ್ಲ. ನಾಲ್ಕನೆಯ ದಿನ ಕಂಬಳಿ ಹೊದ್ದು, ಗೋಡೆಗೆ ಕೈಯೂರಿ ಬಂದು ನಿಂತಳು. "ಏ ಕಪ್ಪಿ, ಜ್ವರ ಹೆಂಗೈತಿ?" ಎಂದೆ. "ಬರ್ತೈತಿ, ಹೋಗ್ತೈತಿ. ಬಾಯಿ ಎಲ್ಲಾ ಕಹಿ" ಎಂದಳು. ಆ ದಿನ ಅವಳು ಕಪ್ಪೆಯ ಹೆಸರು ಹಿಡಿಯುವುದನ್ನೂ ಮರೆತಿದ್ದಳು. ಆ ಹಗ್ಗವನ್ನು ಹರಿದು ನಮ್ಮವರ ಕೊರಳಿಗೇ ಹಾಕಬೇಕೆನ್ನಿಸಿತು. ಹಾಗೆನ್ನಿಸಿದ ತಪ್ಪಿಗೆ ಸಂಜೆ ಅವರಿಗೆ ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದೆ.

ಜ್ವರದ ಸುದ್ದಿ ಹಿಡಿದು ಆರೋಗ್ಯ ಖಾತೆಯ ಇನ್ಸ್‌ಪೆಕ್ಟರು ಬಂದರು. ನೀರಿನ ಮೇಲೆ ಚಿಮಣಿ ಎಣ್ಣೆ ಸುರಿಸಿದರು. ನಾವು ವರ್ಷವರ್ಷವೂ ಹಂಡೆಯಲ್ಲಿ ಕಾಪಾಡಿದ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಹಗ್ಗದ ಕಥೆ ಕೇಳಿ ಇನ್ಸ್‌ಪೆಕ್ಟರು, "ಪೂರಾ ತೊಳೀರಿ, ಇಲ್ಲಾ ಪೂರಾ ಮುಚ್ಚಿರಿ. ಈ ಅರ್ಧದ ಲೆಕ್ಕ ಸೊಳ್ಳೆಗೆ ತಿಳಿಯೋದಿಲ್ಲ. ಮಳೆಗಾಲದೊಳಗೆ ಆಗಬೇಕು" ಎಂದು ಹೇಳಿ ಹೋದರು. ಆ ಮನುಷ್ಯನ ಕಾಲಿಗೆ ಬೀಳುವಷ್ಟು ಖುಷಿಯಾಯಿತು ನನಗೆ. ಪೂರಾ ತೊಳೆಯಬೇಕಾದರೆ ಅಣ್ಣತಮ್ಮ ಕೂಡಿ ಮಾತಾಡಬೇಕು. ಮಾತಾಡಿದರೆ ಹಗ್ಗ ಬಿಚ್ಚಬೇಕು. ಹಗ್ಗ ಬಿಚ್ಚಿದರೆ ನಾನೂ ನೀಲಿಯೂ ಒಂದೇ ಕೆಸರಿಗೆ ಇಳಿಯಬೇಕು. ನಾನು ಅಟ್ಟದ ಮೇಲಿನಿಂದ ಹಳೆಯ ಬುಟ್ಟಿಗಳನ್ನು ಇಳಿಸಿ, ಹೊಸ ಹಾಳೆಗಳನ್ನು ನೀರಿಗೆ ನೆನೆಹಾಕಿದೆ. ಆ ಕಡೆಯೂ ಡಬ್ಬಿ ತೊಳೆಯುವ ಸದ್ದು ಕೇಳುತ್ತಿತ್ತು.

ಅಣ್ಣತಮ್ಮ ಮಾತಾಡಿದರು. ಪಾಲಾದ ಮೇಲೆ ಮೊದಲ ಸಲ, ಹೊಂಡದ ದಂಡೆಯಲ್ಲಿ, ಇಬ್ಬರೂ ಟೋಪಿ ಹಾಕಿಕೊಂಡು. ನಾನು ಕೊಟ್ಟಿಗೆಯ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ.

"ಏನಪಾ, ಮುಚ್ಚೂಣಲ್ಲಾ?" ಎಂದರು ನಮ್ಮವರು.

"ಹ್ಞೂನಣ್ಣಾ, ಮುಚ್ಚೂಣು. ಗ್ವಾಡಿನೂ ಪೂರಾ ಆಗತೈತಿ" ಎಂದ ಮೈದುನ.

"ಮನೀ ಹೆಂಗಸ್ರೂ ಎಂದಿಂದನೋ ಬೈಯಾಕತ್ತಾವು, ದರಿದ್ರ ಹೊಂಡಾ ಅಂತ."

ಮುಗಿಯಿತು. ಅಷ್ಟು ವರ್ಷ ಒಂದು ಮಾತಿಗೂ ಒಪ್ಪದವರು ಈ ಒಂದು ಮಾತಿಗೆ ಅರೆಗಳಿಗೆಯಲ್ಲಿ ಒಪ್ಪಿದರು. ಮರುದಿನವೇ ಹುಸೇನಸಾಬರ ಗಾಡಿಗಳು ಎಕ್ಕಂಬಿಯ ದಾರಿಯ ಕಡೆಯಿಂದ ಕೆಮ್ಮಣ್ಣು ತಂದು ಸುರಿಯತೊಡಗಿದವು. ಹುಸೇನಸಾಬರು ನಮ್ಮ ಮಾವನ ಕಾಲದಿಂದ ಅಂಗಡಿಯ ಮಾಲು ಹೊತ್ತವರು. ಮೊದಲ ಗಾಡಿ ಸುರಿಯುವ ಮುಂಚೆ ದಂಡೆಯಲ್ಲಿ ನಿಂತು, "ಅಕ್ಕಾ, ಜೀವ ಇರೋ ನೀರು ಐತಲ್ಲ ಇದು. ಇನ್ನೊಮ್ಮೆ ಕೇಳ್ರಿ ಸಾವಕಾರ್ರಿಗೆ" ಎಂದರು. ಕೇಳಿದೆ. "ನೀನ ಬೈತಿದ್ದೆಲ್ಲ?" ಎಂದರು ನಮ್ಮವರು. ನಾನು ನೆನೆಹಾಕಿದ ಹಾಳೆಗಳು ದನಕ್ಕೆ ಹೋದವು.

ಹೊಂಡ ಮುಚ್ಚಿದ ಜಾಗದ ಮೇಲೆ ಗೋಡೆ ಪೂರ್ತಿಯಾಯಿತು. ಆಳೆತ್ತರದ ಮಣ್ಣಿನ ಗೋಡೆ. ಮುಖ ಕಾಣದಿದ್ದರೂ ಮಾತು ದಾಟುತ್ತಿತ್ತು. ನಾನು ಬುಡದಲ್ಲಿ ಕೂತು ಮೆಲ್ಲಗೆ "ಏ ಕಪ್ಪಿ" ಎಂದರೆ ಆ ಕಡೆಯಿಂದ "ಹ್ಞೂ" ಎಂದು ಬರುತ್ತಿತ್ತು. ಮುಚ್ಚಿದರೂ ಒರತೆ ಸತ್ತಿರಲಿಲ್ಲ, ಗೋಡೆಯ ಬುಡದಲ್ಲಿ ಒಂದು ಮೊಳ ಜಾಗ ಯಾವಾಗಲೂ ತೇವವಾಗಿತ್ತು. ಅದನ್ನು ನೋಡಿ ನೋಡಿ ನನಗೊಂದು ಬುದ್ಧಿ ಹುಟ್ಟಿತು. ಮಧ್ಯಾಹ್ನ ಗಂಡಸರು ಉಂಡು ಮಲಗಿದ ಹೊತ್ತಿಗೆ ಬಾವಿಯಿಂದ ಒಂದು ಕೊಡ ಸೇದಿ ತಂದು ಆ ಒದ್ದೆ ಜಾಗಕ್ಕೆ ಹಾಕುವುದು. ಒರತೆಗೆ ನನ್ನಿಂದಾದ ಸಹಾಯ. ಮೊದಲು ಒಂದು ಕೊಡ ಹಾಕುತ್ತಿದ್ದೆ, ಆಮೇಲೆ ಕೈಗೆ ಹುರುಪು ಬಂತು. ಹೊಂಡದ ಚಾಕರಿ ಮಾಡುವಾಗ ನೋಯುತ್ತಿದ್ದ ಸೊಂಟ ಆ ದಿನಗಳಲ್ಲಿ ನೋಯಲೇ ಇಲ್ಲ.

ಮಿರ್ಗದ ಮೊದಲ ಮಳೆಗೆ ಗೋಡೆ ಧಡಲ್ಲೆಂದು ಕೂತಿತು. ಧೂಳಲ್ಲ, ಕೆಸರು ಹಾರಿತು. ನಾನು ಓಡಿ ಹೋದರೆ ಆ ಕಡೆಯಿಂದ ನೀಲಿಯೂ ಓಡಿ ಬಂದಿದ್ದಾಳೆ. ಜ್ವರದಿಂದ ಗಲ್ಲದ ಎಲುಬು ಎದ್ದಿದೆ, ಬಳೆ ಮೊಣಕೈವರೆಗೆ ಜಾರುತ್ತಿದೆ, ಬಾಯಿ ಮಾತ್ರ ಮೊದಲಿನಂತೆ ನಗುತ್ತಿದೆ. "ಯಕ್ಕಾ, ದಿನಾ ಕೊಡಾ ಹಾಕ್ತಿದ್ದಿ ಹೌದಿಲ್ಲೋ? ನನ್ನ ಕಡೆನೂ ಹರೀತಿತ್ತು. ಇವರು ಕಂಡಾರು ಅಂತ ಕಟಿಗಿ ಒಟ್ಟಿ ಮುಚ್ಚಿದ್ದೆ" ಎಂದಳು. ಕಪ್ಪೆಯ ಹಂಗಿಲ್ಲದೆ ನನ್ನನ್ನು ಅಕ್ಕ ಎಂದು ಕರೆದು ಎಷ್ಟು ಕಾಲವಾಗಿತ್ತೋ! ಬಿದ್ದ ಗೋಡೆಯ ಕೆಸರಿನಲ್ಲಿ ನಿಂತು ಇಬ್ಬರೂ ಕೈ ಹಿಡಿದು ಅತ್ತೆವು, ನಕ್ಕೆವು, ಒಬ್ಬರ ಮುಖಕ್ಕೆ ಒಬ್ಬರು ಕೆಸರು ಬಳಿದೆವು. ಎರಡು ಮಕ್ಕಳ ತಾಯಿ ಒಬ್ಬಳು, ಮೂರು ಮಕ್ಕಳ ತಾಯಿ ಒಬ್ಬಳು. ಮಳೆ ಬಿಡುವವರೆಗೆ ಗೌಂಡಿ ಬರುವುದಿಲ್ಲ, ಮಳೆಗಾಲ ಪೂರ್ತಿ ನಮ್ಮದೇ ಎಂದು ನಾನು ಲೆಕ್ಕ ಹಾಕಿದೆ.

ನನ್ನ ಲೆಕ್ಕ ಎಂದಾದರೂ ಸರಿಯಾದದ್ದುಂಟೇ? ಮಳೆ ನಡುವೆ ಎಂಟು ದಿನ ಹೊಳವಾಗಿ ಬಿಸಿಲು ಬಿತ್ತು. ಅಣ್ಣತಮ್ಮ ಮತ್ತೊಮ್ಮೆ ಮಾತಾಡಿದರು, ಈ ಸಲ ಒಂದೇ ಕಟ್ಟೆಯ ಮೇಲೆ ಕೂತು, ಒಂದೇ ತಟ್ಟೆಯ ಎಲೆ ಅಡಿಕೆ ಹಾಕಿಕೊಂಡು. ಮಣ್ಣಿನ ಗೋಡೆ ಒರತೆಯ ಜಾಗದಲ್ಲಿ ತಡೆಯುವುದಿಲ್ಲ ಎಂದು ಇಬ್ಬರಿಗೂ ಮನವರಿಕೆಯಾಗಿತ್ತು. ಹುಸೇನಸಾಬರ ಗಾಡಿಗಳು ಮತ್ತೆ ಬಂದವು, ಈ ಸಲ ಚಿರೇಕಲ್ಲು ಹೊತ್ತು. ಆಳುದ್ದ ಪಾಯ ತೋಡಿ, ಸುಣ್ಣದ ಗಾರೆಯಲ್ಲಿ, ಎರಡು ಕಲ್ಲಿನ ದಪ್ಪಕ್ಕೆ, ಮೊದಲಿನದಕ್ಕಿಂತ ಒಂದಾಳು ಎತ್ತರಕ್ಕೆ ಕಟ್ಟಿದರು. ಬುಡದಲ್ಲಿ ಒರತೆಯ ಬಾಯಿಗೂ ಕಲ್ಲು ಜಡಿದರು. ಮಣ್ಣಿನ ಗೋಡೆಯಾಗಿದ್ದರೆ ಮಾತಾದರೂ ದಾಟುತ್ತಿತ್ತು. ಅದನ್ನು ಕೊಡ ಕೊಡವಾಗಿ ನೀರು ಹೊತ್ತು ಕೆಡವಿ, ಈ ಕೋಟೆಯನ್ನು ಕಟ್ಟಿಸಿಕೊಂಡ ಜಾಣೆ ಬೇರೆ ಯಾರೂ ಅಲ್ಲ, ಯಲ್ಲಾಪುರದ ಶಾಲೆಯಲ್ಲಿ ಬಾಲಬೋಧೆಯ ಮೇಲೆ ಎರಡು ಪುಸ್ತಕ ಓದಿದವಳು.

ಈಗ ನನ್ನ ಕಾಲು ಬಹಳ ಸ್ವಚ್ಛವಾಗಿದೆ. ಹೋಳಿ ಬರುತ್ತದೆ, ಹೋಗುತ್ತದೆ, ನನಗೆ ಕೆಲಸವಿಲ್ಲ. "ನೋಡು, ಬೈತಿದ್ದೆಲ್ಲ, ಈಗ ಆರಾಮಾತಿಲ್ಲೋ?" ಎಂದು ನಮ್ಮವರು ವರ್ಷಕ್ಕೊಮ್ಮೆ ನೆನಪು ಮಾಡಿಕೊಡುತ್ತಾರೆ. ಅಂಗಡಿಯ ಆ ಗಾದಿ ಇಲಿ ಕಡಿದು ಹಾಳಾಯಿತು, ಈಗ ಯಾರೂ ಅದರ ಮೇಲೆ ಕೂಡುವುದಿಲ್ಲ. ನೀಲಿಗೆ ಮತ್ತೆ ಜ್ವರ ಬಂತೆಂದು ಭಟ್ಟರ ಅಮ್ಮ ಹೇಳಿದರು, ಬಿಟ್ಟಿತೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಮೊನ್ನೆ ಸಂಜೆ ಗೋಡೆಯ ಬುಡಕ್ಕೆ ಹೋಗಿ ಕೂತೆ. ಎಲ್ಲಿಂದಲೋ ಒಂದು ಕಪ್ಪೆ ಬಂದು, ಹೊಂಡವಿದ್ದ ಜಾಗವನ್ನು ಹುಡುಕುತ್ತಾ ಕಲ್ಲಿನ ಪಕ್ಕ ಕೂತಿತ್ತು. "ಏ ಕಪ್ಪಿ, ಜ್ವರ ಹೆಂಗೈತಿ?" ಎಂದೆ. ಆ ಕಡೆಯಿಂದ ಏನೂ ಬರಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೇಳಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮವರು, "ಯಾರ ಕೂಡ ಮಾತಾಡಾಕತ್ತಿ?" ಎಂದರು.

"ಕಪ್ಪಿ ಕೂಡ್ರಿ" ಎಂದೆ.

ಅವರು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಆಡು, ಆಡು" ಎಂದು ಒಳಗೆ ಹೋದರು. ನಾನು ಈ ಸಲ ಸುಳ್ಳು ಹೇಳಿರಲಿಲ್ಲ.